ಶೇಂಗಾ ಆರಿಸಿದ ಮಂಡಕ್ಕಿ

ಆಯುಧಪೂಜೆಗೆ ನೀವೂ ಬರಬೇಕು ಎಂದು ವೇದಾವತಿ ಮೇಡಂ ಫೋನ್ ಮಾಡಿದ್ದರು. ನನ್ನ ಮಗಳು ನೌರೀನ್ ಶಿವಮೊಗ್ಗದ ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಾಳೆ. ಮೇಡಂ ಅವಳಿಗೆ ಪಾಠ ಹೇಳುವವರು. ಭದ್ರಾವತಿಯ ಓಲ್ಡ್ ಟೌನಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅವಳು ಮನೆ ಸೇರುವವರೆಗೆ ನನ್ನ ಜೀವದಲ್ಲಿ ಜೀವವಿರುವುದಿಲ್ಲ.

ನೌರೀನಳಿಗೆ ಶೇಂಗಾ ಆಗುವುದಿಲ್ಲ. ಚಿಕ್ಕವಳಿದ್ದಾಗ ಯಾರೋ ಕೊಟ್ಟ ಚಿಕ್ಕಿ ಕಚ್ಚಿದ್ದಳು; ಆಸ್ಪತ್ರೆ ಮುಟ್ಟುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು. ಐಟಿಐಗೆ ಸೇರಿಸುವಾಗ ಇದನ್ನು ಹೇಳಿದರೆ ಪ್ರಿನ್ಸಿಪಾಲರು ಹಿಂದೇಟು ಹಾಕಿದರು. ಹೆಚ್ಚುಕಮ್ಮಿಯಾದರೆ ಹೊಣೆ ಯಾರು ಎಂದರು.

"ನಾನು ನೋಡ್ಕೋತೀನಿ ಸಾರ್" ಎಂದವರು ವೇದಾವತಿ ಮೇಡಂ.

ಅಂದಿನಿಂದ ಅವರ ವರ್ಕ್‌ಶಾಪಿನಲ್ಲಿ ಊಟವಾದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಯಾರೂ ಇಕ್ಕಳ ಮುಟ್ಟುವಂತಿಲ್ಲ. ಶೇಂಗಾ ತಾಗಿ ಉಸಿರು ಕಟ್ಟಿದರೆ ಕೊಡಲೆಂದು ನೌರೀನಳ ಚೀಲದಲ್ಲಿ ಸದಾ ಇರುವ ಇಂಜೆಕ್ಷನ್ ಚುಚ್ಚುವುದನ್ನೂ ಅವರು ನನ್ನಿಂದ ಕಲಿತುಕೊಂಡರು.

ಪೂಜೆಯ ದಿನ ಮೋಟಾರು, ಡ್ರಿಲ್ಲಿಂಗ್ ಮಷೀನುಗಳಿಗೆಲ್ಲ ಚೆಂಡುಹೂವು, ಕುಂಕುಮ. ಕುಂಬಳಕಾಯಿ ಒಡೆದಾದ ಮೇಲೆ ಪ್ರಸಾದದ ಮಂಡಕ್ಕಿ ಬಂತು. ಆಫೀಸಿನವರು ಎಲ್ಲ ವಿಭಾಗಗಳಿಗೂ ಸೇರಿಸಿ ಬೆಳಿಗ್ಗೆಯೇ ತರಿಸಿಟ್ಟಿದ್ದು. ಅದರ ತುಂಬ ಹುರಿದ ಶೇಂಗಾ. ಮೇಡಂ ನಗುತ್ತ ಬೇರೆಯೇ ತೆಗೆದಿಟ್ಟ ಮಂಡಕ್ಕಿಯ ಒಂದು ಸ್ಟೀಲ್ ಬಟ್ಟಲು ತೋರಿಸಿದರು.

"ಬೆಳಿಗ್ಗೆಯಿಂದ ಕೂತು ಶೇಂಗಾ ಒಂದೂ ಬಿಡದ ಹಾಗೆ ಆರಿಸಿ ತೆಗೆದಿದೀನಿ. ನಮ್ಮ ಹುಡುಗಿಗೆ ಪ್ರಸಾದ ತಪ್ಪಬಾರದು."

ನಾನು ಬಾಯಿ ತೆರೆಯುವ ಮೊದಲೇ ನೌರೀನಳ ಬೊಗಸೆಗೆ ಮಂಡಕ್ಕಿ ಸುರಿದಾಗಿತ್ತು. ಬಿಳಿ ಮಂಡಕ್ಕಿಯ ನಡುವೆ ಶೇಂಗಾದ ಕೆಂಪು ಸಿಪ್ಪೆಯ ಚೂರುಗಳು. ಅವಳೂ ನೋಡಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಆ ತರಗತಿಗೆಲ್ಲ ಅವಳೊಬ್ಬಳೇ ಮುಸ್ಲಿಂ ಹುಡುಗಿ. ಎಲ್ಲರ ಕಣ್ಣೂ ಅವಳ ಕೈಯ ಮೇಲೇ. ಬೇಡವೆಂದರೆ ಏನೆಂದುಕೊಂಡಾರೋ ಎಂಬ ಸಂಕಟ ಅವಳ ಮುಖದಲ್ಲೇ ಕಾಣುತ್ತಿತ್ತು. ಬೊಗಸೆ ಮೆಲ್ಲಗೆ ಬಾಯಿಯತ್ತ ಏರಿತು.

"ನೌರೀನ್, ತಿನ್ನಬೇಡ."

ಅವಳ ಬೊಗಸೆ ಅಲ್ಲೇ ನಿಂತಿತು. ಅವಳ ಗೆಳತಿ ಮೇಧಾ ಸಣ್ಣ ದನಿಯಲ್ಲಿ ಕೇಳಿದಳು: "ಪ್ರಸಾದ ಅಂತಾನಾ ಆಂಟಿ?"

"ಅಲ್ಲಮ್ಮ. ಶೇಂಗಾ ತೆಗೆದ್ರೂ ಅದರ ಪುಡಿ ಹೋಗಲ್ಲ. ಇವಳಿಗೆ ಅಷ್ಟೇ ಸಾಕು."

ಮೇಡಂ ತಮ್ಮ ಕೈ ನೋಡಿಕೊಂಡರು. ಉಗುರಿನ ಸಂದಿಯಲ್ಲೂ ಕೆಂಪು ಸಿಪ್ಪೆ. ನೌರೀನಳ ಕೈ ಹಿಡಿಯಲು ಹೋದವರು ಬೆಂಕಿ ತಾಗಿದಂತೆ ಹಿಂದೆ ಸರಿದರು.

"ಅದನ್ನ ಚೆಲ್ಲು. ಮುಖ ಮುಟ್ಕೋಬೇಡ, ಮೊದಲು ಕೈ ತೊಳಿ."

ಅವಳು ತೊಳೆದು ಬರುವಷ್ಟರಲ್ಲಿ ಅಂಗೈಯಲ್ಲಿ ಕೆಂಪು ಗಂಧೆ ಎದ್ದಿತ್ತು. ಮೇಡಂ ತಾವೂ ಕೈ ಉಜ್ಜಿ ಉಜ್ಜಿ ತೊಳೆದು, ಇಂಜೆಕ್ಷನ್ ತೆಗೆದು ಹಿಡಿದು ನಿಂತರು. ನಾನು ಮಗಳ ತುಟಿಯನ್ನೇ ನೋಡುತ್ತಿದ್ದೆ. ಉಸಿರಾಡು, ಉಸಿರಾಡು ಎಂದು ಒಳಗೊಳಗೇ ಜಪಿಸುತ್ತಿದ್ದೆ. ಯಾರೂ ಕುಳಿತುಕೊಳ್ಳಲಿಲ್ಲ, ಯಾರೂ ಮಂಡಕ್ಕಿ ಮುಟ್ಟಲಿಲ್ಲ. ಕೊನೆಗೆ ಗಂಧೆ ಇಳಿಯತೊಡಗಿತು.

ಮೇಧಾ ಸೋಪು ಹಚ್ಚಿ ಕೈ ತೊಳೆದಳು. ದೇವರ ಮುಂದಿದ್ದ ಒಂದು ಬಾಳೆಹಣ್ಣನ್ನೂ ಸಿಪ್ಪೆ ಸಮೇತ ನಲ್ಲಿಯಡಿ ಹಿಡಿದು ತೊಳೆದು ತಂದಳು.

"ತಗೋ ಮಾರಾಯ್ತಿ. ಇದಕ್ಕೆ ದೇವರೇ ಪ್ಯಾಕಿಂಗ್ ಮಾಡಿದಾನೆ."

ನೌರೀನ್ ನಕ್ಕಳು. ಸಿಪ್ಪೆ ಸುಲಿದು ಎಲ್ಲರೆದುರೇ ತಿಂದಳು. ವೇದಾವತಿ ಮೇಡಂ ಮಾತ್ರ ಅವಳು ಹಣ್ಣು ಪೂರ್ತಿ ನುಂಗುವವರೆಗೂ ಆ ಇಂಜೆಕ್ಷನ್ ಕೆಳಗಿಡಲಿಲ್ಲ.