ಹಲಗೆಯ ಮೇಲೆ ಮಲಗಿದವರು ಯಾರು

ಕುರ್ಕಿಯ ಜನರಿಗೆ ದೇವರ ಮೇಲೆ ಇರುವ ದೂರು ಒಂದೇ: ನಮ್ಮ ಮೇಲೆ ಇಷ್ಟೊಂದು ಹಿಮ ಸುರಿಸುವವನು ಪೆನ್‌ಹಾಲೊದವರ ಮೇಲೂ ಸುರಿಸುತ್ತಾನೆ. ಎರಡು ಊರಿನ ನಡುವೆ ಎಂಟು ಮೈಲಿ. ಸುಪೀರಿಯರ್ ಸರೋವರ ಇಬ್ಬರಿಗೂ ಒಂದೇ. ಚಳಿಗಾಲ ಹಿಡಿದ ಮೇಲೆ ಉತ್ತರದ ಗಾಳಿ ಆ ನೀರಿನ ಮೇಲೆ ಹಾಯುತ್ತ ಹೊಟ್ಟೆ ಬಿರಿಯುವಷ್ಟು ಕುಡಿದು, ದಡ ಹತ್ತಿದ ಕೂಡಲೇ ಎಲ್ಲವನ್ನೂ ನಮ್ಮ ತಲೆಯ ಮೇಲೆ ಕಕ್ಕುತ್ತದೆ. ಅವರು ಕಾರ್ನ್‌ವಾಲಿನಿಂದ ತಾಮ್ರದ ಗಣಿಗೆ ಬಂದವರ ಮೊಮ್ಮಕ್ಕಳು; ನಾವು ಫಿನ್‌ಲೆಂಡಿನಿಂದ ಅದೇ ಗಣಿಗೆ ಬಂದವರ ಮೊಮ್ಮಕ್ಕಳು. ಗಣಿ ಮುಚ್ಚಿ ಕಾಲವಾಯಿತು. ಜಗಳಕ್ಕೆ ಉಳಿದಿರುವುದು ಹಿಮವೊಂದೇ.

ಒಂದು ದಿನಕ್ಕೆ ನಲವತ್ತೊಂದು ಇಂಚು ಎನ್ನುವುದು ಪೆನ್‌ಹಾಲೊದವರ ದಾಖಲೆ. ಊರ ಬಾಯಲ್ಲಿ ಕಂಬ ನೆಟ್ಟು ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ. ಕಡುಬಿನಂತೆ ಒಳಗೆ ಮಾಂಸ ತುಂಬಿದ ಅವರ ಪ್ಯಾಸ್ಟಿ ನಮ್ಮ ಬೇಕರಿಯದಕ್ಕಿಂತ ರುಚಿ ಎಂಬ ದುಃಖದ ಸತ್ಯ ಇರುವುದರಿಂದ ಆಗಾಗ ಅಲ್ಲಿಗೆ ಹೋಗಬೇಕಾಗುತ್ತದೆ. ಹೋದಾಗಲೆಲ್ಲ ಆ ಕಂಬದ ಕೆಳಗೇ ತಲೆ ತಗ್ಗಿಸಿ ಹಾಯಬೇಕಾಗುತ್ತದೆ.

ನಮ್ಮ ಕಡೆಯಿಂದ ಹಿಮ ಅಳೆಯುವವಳು ಸೈಮಾ ಹರ್ಯು. ವಯಸ್ಸು ಎಪ್ಪತ್ತರ ಮೇಲೆ. ಅವಳ ಹಿತ್ತಿಲಲ್ಲಿ ಎರಡಡಿ ಚೌಕದ ಬಿಳಿ ಹಲಗೆಯೊಂದು ಹಿಮದ ಮೇಲೆ ಕೂತಿರುತ್ತದೆ, ಪಕ್ಕದಲ್ಲಿ ಗುರುತಿಗೊಂದು ಕೆಂಪು ಬಾವುಟ. ಆರು ಗಂಟೆಗೊಮ್ಮೆ ಹಲಗೆಯ ಮೇಲೆ ಬಿದ್ದದ್ದಕ್ಕೆ ಕೋಲು ಇಳಿಸಿ ಆಳ ನೋಡುತ್ತಾಳೆ. ತಗಡಿನ ಕೊಳವೆ ಒತ್ತಿ ಒಂದಷ್ಟು ಹಿಮ ತೆಗೆದು, ಅಡುಗೆಮನೆಯ ಒಲೆಯ ಬಳಿ ಕರಗಿಸಿ, ನೀರೆಷ್ಟು ಎಂದು ನೋಡುತ್ತಾಳೆ. ಆಮೇಲೆ ಹಲಗೆ ಗುಡಿಸಿ ಹೊಸ ಹಿಮದ ಮೇಲೆ ಮತ್ತೆ ಇಡುತ್ತಾಳೆ. ಅದಕ್ಕಿಂತ ಹೆಚ್ಚು ಸಲ ಅಳೆಯುವಂತಿಲ್ಲ. ಅಳೆದರೆ ಹಿಮಕ್ಕೆ ಕುಸಿಯಲು ಸಮಯ ಸಿಗದೆ ಲೆಕ್ಕ ಉಬ್ಬುತ್ತದೆ. ಪೆನ್‌ಹಾಲೊದವರು ಗಂಟೆಗೊಮ್ಮೆ ಅಳೆದೇ ನಲವತ್ತೊಂದು ಮಾಡಿದರು ಎಂಬುದು ನಮ್ಮೂರಿನ ಧರ್ಮಶ್ರದ್ಧೆಯ ಒಂದು ಭಾಗ.

ಸೈಮಾ ಮಾತ್ರ ಹಾಗೆಂದು ಎಂದೂ ಹೇಳಿದವಳಲ್ಲ. ಒಮ್ಮೆ ಮೂವತ್ತೊಂಬತ್ತೂವರೆಯಾಗಿ ನಿಂತುಹೋದ ದಿನ, ನಮ್ಮ ಪಂಚಾಯತಿ ಅಧ್ಯಕ್ಷ, ಬಾರಿನ ಮಾಲೀಕ ವರ್ನರ್ ಕಲ್ಲಿಯೊ ಅವಳ ಕಾಲು ಹಿಡಿಯುವುದೊಂದು ಬಾಕಿ.

"ಅಂದಾಜು ನಲವತ್ತೆರಡು ಅಂತ ಹೇಳಿಬಿಡಿ ಸೈಮಕ್ಕ. ಯಾರು ಬಂದು ನೋಡ್ತಾರೆ?"

"ಅಂದಾಜು ನಾನು ಹೇಳಲ್ಲ" ಎಂದಿದ್ದಳು ಸೈಮಾ. ಆದರೆ ಅವಳಿಗೂ ಆ ಕಂಬ ಕಣ್ಣಿಗೆ ಚುಚ್ಚುತ್ತಿತ್ತು. ಪೆನ್‌ಹಾಲೊಗೆ ಹೋದಾಗ ಕಾರಿನಲ್ಲಿ ಆ ಜಾಗ ಬಂದ ಕೂಡಲೇ ಕೈಚೀಲದಲ್ಲಿ ಏನೋ ಹುಡುಕಲು ಶುರುಮಾಡುತ್ತಿದ್ದಳು. ಸಾಯುವುದರೊಳಗೆ ಒಂದು ಸಲ ನಿಯಮದಂತೆ ಅಳೆದು ಅದನ್ನು ಮೀರಿಸಬೇಕು. ಅವಳ ಆಸೆ ಇಷ್ಟೇ. ಊರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಅವಳ ಪಕ್ಕದ ಮನೆಯವನು. ಬೇರೆ ಕೆಲಸವಿಲ್ಲದ್ದರಿಂದ ಇಂಥದನ್ನೆಲ್ಲ ಗಮನಿಸುತ್ತಿರುತ್ತೇನೆ.

ಆ ಶನಿವಾರ ಅವಕಾಶ ತಾನಾಗಿ ಬಂತು. ಶುಕ್ರವಾರ ಸಂಜೆ ಏಳಕ್ಕೆ ಹಿಡಿದ ಹಿಮ ಬಿಡಲೇ ಇಲ್ಲ. ಮಧ್ಯಾಹ್ನದ ಅಳತೆಯ ಹೊತ್ತಿಗೆ ಒಟ್ಟು ಮೂವತ್ತಮೂರು. ಉಳಿದದ್ದು ಒಂದೇ ಅಳತೆ, ಸಂಜೆ ಏಳರದು. ಎಂಟಕ್ಕಿಂತ ಒಂದು ಕೂದಲೆಳೆ ಹೆಚ್ಚು ಬಿದ್ದರೆ ಕಂಬ ನಮ್ಮದು.

ಸೈಮಾ ಹಿತ್ತಿಲ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಸಾರಿದಳು: "ಬಾವುಟದ ಆ ಕಡೆ ಯಾರಾದ್ರೂ ಕಾಲಿಟ್ರೆ ಅವರ ಕಾಲಿಗೆ ನಾನು ಜವಾಬ್ದಾರಳಲ್ಲ."

ಎಲ್ಲರಿಗೂ ಹೇಳಬೇಕಾಗಿ ಬಂದದ್ದು ಶನಿವಾರವಾದ್ದರಿಂದ. ಶನಿವಾರವೆಂದರೆ ಸೌನಾ, ಹಿತ್ತಿಲ ಮರದ ಕೋಣೆಯಲ್ಲಿ ಬಿಸಿ ಹಬೆಯ ಸ್ನಾನ. ಸರೋವರ ಊರನ್ನು ನುಂಗಲು ಬಂದರೂ ಶನಿವಾರದ ಸೌನಾ ತಪ್ಪದು. ಆ ದಿನ ಉಳಿದವರ ಸೌನಾಗಳ ಹೊಗೆಕೊಳವೆ ಹಿಮದಲ್ಲಿ ಹೂತುಹೋಗಿದ್ದರಿಂದ ಬೀದಿಯವರೆಲ್ಲ ಹರ್ಯು ಮನೆಗೇ ಬಂದಿದ್ದರು. ವಾಡಿಕೆಯಂತೆ ಗಂಡಸರು ಮೊದಲು. ಸೈಮಾಳ ಗಂಡ ಆರ್ವೊ, ವರ್ನರ್, ಹಿಮ ತಳ್ಳುವ ಲಾರಿಯ ಡ್ರೈವರ್ ಊನೊ, ನಾನು, ಇನ್ನೂ ಮೂವರು. ಮರದ ಬೆಂಚುಗಳ ಮೇಲೆ ಸಾಲಾಗಿ ಕೂತು, ಕಾದ ಕಲ್ಲಿಗೆ ನೀರೆರಚಿ, ಬರ್ಚ್ ಸೊಪ್ಪಿನಿಂದ ಬೆನ್ನಿಗೆ ಬಡಿದುಕೊಂಡು, ಇನ್ನು ತಡೆಯಲಾಗದು ಎಂದಾಗ ಹೊರಗೋಡಿ ಸೌನಾದ ಎಡಗಡೆಯ ಹಿಮದಲ್ಲಿ ಬಿದ್ದು ಹೊರಳಿ, ಮತ್ತೆ ಒಳಗೆ. ಸೈಮಾಳ ಅಳತೆಯ ಹಲಗೆ ಇದ್ದದ್ದು ಬಲಗಡೆ. ನಮ್ಮ ಸರದಿ ಮುಗಿದ ಮೇಲೆ ಹೆಂಗಸರು ಹೋದರು. ಒಲೆಯಲ್ಲಿ ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಬೇಯುತ್ತಿದ್ದುದರಿಂದ ಸೈಮಾ ಎಲ್ಲರಿಗಿಂತ ಕೊನೆಗೆ ಹೋಗಿ ಬಂದಳು.

ಏಳಕ್ಕೆ ಸರಿಯಾಗಿ ಸೈಮಾ ಕೋಲು, ಕೊಳವೆ ಹಿಡಿದು ಹಿತ್ತಿಲಿಗಿಳಿದಳು. ಹಿಂದೆ ಲಾಟೀನು ಹಿಡಿದ ವರ್ನರ್, ಅವನ ಹಿಂದೆ ಬೀದಿಗೆ ಬೀದಿಯೇ. ಬಾವುಟ ದಾಟಿದ ವರ್ನರ್ ಲಾಟೀನು ಎತ್ತಿದವನು ಹಾಗೆಯೇ ನಿಂತ.

ಹಲಗೆಯ ಮೇಲೂ ಸುತ್ತಲೂ ಇದ್ದ ಹಿಮದಲ್ಲಿ ಒಬ್ಬ ಮನುಷ್ಯ ಅಂಗಾತ ಮಲಗಿದ ಅಚ್ಚು ಮೂಡಿತ್ತು. ತಲೆ, ಭುಜ, ಚಾಚಿದ ಎರಡು ಕೈ, ಇವೆಲ್ಲಕ್ಕಿಂತ ಸ್ಪಷ್ಟವಾಗಿ, ಹಲಗೆಯ ಸರಿ ನಡುವೆ, ಕುಳಿತುಕೊಳ್ಳುವ ಭಾಗ. ಎರಡಡಿಯ ಹಲಗೆಯಲ್ಲಿ ಕೋಲು ಇಳಿಸಲು ಒಂದು ಅಂಗೈಯಷ್ಟು ಜಾಗವೂ ಉಳಿದಿರಲಿಲ್ಲ. ಹಲಗೆಯ ಆಚೆ ಅಳೆಯೋಣವೆಂದರೆ ಅಲ್ಲಿ ಡಿಸೆಂಬರಿನಿಂದ ಬಿದ್ದ ಹಿಮವೆಲ್ಲ ಒಂದೇ ರಾಶಿ.

ಸೈಮಾ ಬಾಯಿ ತೆರೆದಳು. ಅಷ್ಟರಲ್ಲಿ ವರ್ನರ್ ಕೂಗಿದ:

"ಯಾವ ನನ್ಮಗ ಕಣ್ರೋ ಇದು?"

ಅಲ್ಲಿಂದ ಮುಂದೆ ಅವಳಿಗೆ ಮಾತಾಡಲು ಯಾರೂ ಬಿಡಲಿಲ್ಲ. ಪಂಚಾಯತಿ ಅಧ್ಯಕ್ಷ ಸ್ಥಳದಲ್ಲೇ ತನಿಖೆ ಶುರುಮಾಡಿದ. ಸೌನಾಕ್ಕೆ ಹೋದ ಗಂಡಸರೆಲ್ಲ ಮುಂದೆ ಬರಬೇಕು, ಒಬ್ಬೊಬ್ಬರಾಗಿ ಪಕ್ಕದ ಹಿಮದಲ್ಲಿ ಮಲಗಿ ಏಳಬೇಕು, ಅಚ್ಚು ಹೋಲಿಸಿ ನೋಡಬೇಕು.

"ಕೋಟು ಬಿಚ್ಚಿ. ಕೋಟು ಹಾಕ್ಕೊಂಡ್ರೆ ಲೆಕ್ಕಕ್ಕಿಲ್ಲ."

"ಮೊದಲು ನೀನು ಮಲಗು ವರ್ನರ್" ಎಂದ ಊನೊ.

"ನಾನು ಅಧ್ಯಕ್ಷ ಕಣೋ."

"ಅಧ್ಯಕ್ಷರಿಗೆ ಅದು ಇರಲ್ವಾ?"

ಹೆಂಗಸರ ಕಡೆಯಿಂದ ನಗು ಎದ್ದಿತು. ವರ್ನರ್ ಟವೆಲ್ ಸುತ್ತಿಕೊಂಡು ಮಲಗಿ ಎದ್ದ. ಅವನ ಅಚ್ಚಿನಲ್ಲಿ ಒಂದು ಕರುವನ್ನು ಕಟ್ಟಬಹುದಿತ್ತು, ಖುಲಾಸೆ. ಊನೊ ಉದ್ದಕ್ಕೆ ಜಾಸ್ತಿ. ನನ್ನ ಸರದಿ ಬಂತು. ನಾನು ಪಾಠ ಹೇಳಿಕೊಟ್ಟ ಇಬ್ಬರು ಹೆಂಗಸರು ಲಾಟೀನು ಬಗ್ಗಿಸಿ ನನ್ನ ಅಚ್ಚನ್ನು ಪರೀಕ್ಷಿಸಿದರು.

"ಮೇಷ್ಟ್ರದ್ದಲ್ಲ ಬಿಡಿ" ಎಂದಳು ಒಬ್ಬಳು. "ಮೇಷ್ಟ್ರದ್ದು ಅಚ್ಚೇ ಮೂಡಿಲ್ಲ."

ಜೀವನದಲ್ಲಿ ಇಷ್ಟು ಅವಮಾನಕರವಾಗಿ ನಾನು ನಿರಪರಾಧಿಯಾದದ್ದು ಅದೇ ಮೊದಲು.

ಉಳಿದ ಮೂವರದ್ದೂ ಹೊಂದಲಿಲ್ಲ. ಹಲಗೆಯ ಮೇಲಿದ್ದದ್ದು ಗಿಡ್ಡದು, ಅಗಲವಾದದ್ದು. ನಾವೆಲ್ಲ ಆರ್ವೊನ ಕಡೆ ತಿರುಗಿದೆವು. ಅವನು ಕಡ್ಡಿಯಂಥ ಮನುಷ್ಯ. ಅಚ್ಚಿನ ಮುಂದೆ ಬಹಳ ಹೊತ್ತು ನಿಂತಿದ್ದವನು ಟೋಪಿ ತೆಗೆದು ಹೇಳಿದ:

"ನಂದೇ ಇದು."

"ನಿಂದಾ? ಮಲಗು ನೋಡೋಣ" ಎಂದ ವರ್ನರ್.

"ಮಲಗೋದೇನು ಬೇಡ. ನಂದು ಅಂದ್ನಲ್ಲ."

"ಅಯ್ಯಾ, ನಿನ್ನಂಥೋರು ಮೂರು ಜನ ಮಲಗಿದ್ರೂ ಇದು ತುಂಬಲ್ಲ."

"ಆಗ ಊದಿಕೊಂಡಿದ್ದೆ" ಎಂದ ಆರ್ವೊ. "ಸೌನಾದ ಶಾಖಕ್ಕೆ."

ಐವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ಇಷ್ಟು ಕೆಟ್ಟ ಸುಳ್ಳನ್ನು ಇಷ್ಟು ದೃಢವಾಗಿ ಹೇಳುವುದನ್ನು ಕೇಳಿದಾಗ ನನಗೆ ಏನೋ ಹೊಳೆದಂತಾಯಿತು. ಸೈಮಾಳ ಕಡೆ ನೋಡಿದೆ. ಅವಳು ಮಂಡಿಯೂರಿ, ಅಚ್ಚಿನ ನಡುವೆಯೇ ಕೊಳವೆ ಒತ್ತಿ ಹಿಮ ತೆಗೆದು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಏಳಕ್ಕೆ ತೆಗೆಯಬೇಕಾದ್ದನ್ನು ಏಳಕ್ಕೆ ತೆಗೆಯಲೇಬೇಕಲ್ಲ.

ವರ್ನರ್ ಅಷ್ಟರಲ್ಲಿ ಅಪರಾಧಿ ಸಿಗುವ ಆಸೆ ಬಿಟ್ಟಿದ್ದ. "ಮನುಷ್ಯರು ಅಲ್ಲ ಅಂದ್ಮೇಲೆ ಪ್ರಾಣಿ. ಮೂಸ್."

ಕುದುರೆಗಿಂತ ಎತ್ತರದ ಆ ಮೂಸ್ ಜಿಂಕೆಗಳು ನಮ್ಮ ಹಿತ್ತಿಲುಗಳಿಗೆ ಬರುವುದುಂಟು. ಆದರೆ ಕೈ ಚಾಚಿ ಅಂಗಾತ ಮಲಗುವುದಿಲ್ಲ. ವರ್ನರ್ ಬಾರಿಗೆ ಓಡಿ, ಅಲ್ಲಿದ್ದ ನಿಲುದೀಪವನ್ನೇ ಹೊತ್ತು ತಂದ. ಅವನ ಅಜ್ಜ ಹೊಡೆದ ಮೂಸ್‌ನ ಕಾಲಿನಿಂದ ಮಾಡಿದ ದೀಪ ಅದು, ಗೊರಸು ಸಮೇತ. ವೈರು ನೇತಾಡುತ್ತಿದ್ದಂತೆಯೇ, ಗೊರಸಿನ ಗುರುತು ಮೂಡಲೆಂದು ಅದನ್ನು ಅಚ್ಚಿನ ಸುತ್ತ ಒತ್ತುತ್ತ ಹೋದ.

"ಎಲ್ಲಾ ಒಂದೇ ಕಾಲು ಕಣೋ" ಎಂದ ಊನೊ. "ಮುಂದಿನ ಬಲಗಾಲು."

"ಕುಂಟುತ್ತಿತ್ತು."

"ಮೂರು ಕಾಲು ಜೇಬಲ್ಲಿಟ್ಕೊಂಡಾ?"

ಚಳಿ ತಡೆಯಲಾರದೆ ಎಲ್ಲರೂ ಸೈಮಾಳ ಅಡುಗೆಮನೆಗೆ ನುಗ್ಗಿದೆವು. ಅವಳು ಕರಗಿದ ನೀರನ್ನು ಅಳೆಯುವ ಗಾಜಿಗೆ ಹೊಯ್ದು, ಕನ್ನಡಕ ಏರಿಸಿ ನೋಡಿ, ಗೋಡೆಯ ಫೋನಿನಿಂದ ಹವಾಮಾನ ಕಚೇರಿಗೆ ಕರೆ ಮಾಡಿದಳು. ಗಂಡ ಹೆಂಡತಿ ಇಬ್ಬರಿಗೂ ಕಿವಿ ಮಂದವಾದ್ದರಿಂದ ಆ ಫೋನಿನ ದನಿಯನ್ನು ಜೋರಾಗಿ ಇಟ್ಟಿರುತ್ತಾರೆ. ಅತ್ತ ಕಡೆಯ ಮಾತು ಇಡೀ ಅಡುಗೆಮನೆಗೆ ಕೇಳುತ್ತಿತ್ತು. ಡ್ಯೂಟಿಯಲ್ಲಿದ್ದ ಹೆಂಗಸು ಕಾದು ಕೂತಿದ್ದಳೆಂದು ಕಾಣುತ್ತದೆ.

"ಹೇಳಿ ಹರ್ಯು ಮೇಡಂ! ಆಳ ಎಷ್ಟು?"

"ಆಳ ಹೇಳೋಕಾಗಲ್ಲ. ಹಲಗೆ ಮೇಲಿನ ಹಿಮ ಅಮುಕಿ ಹೋಗಿದೆ."

"ಅಯ್ಯೋ. ನೀರು?"

"ಒಂದಿಂಚಿನ ಮೂರನೇ ಎರಡು ಪಾಲು."

ಪೆನ್ಸಿಲ್ ಗೀಚುವ ಸದ್ದು. "ತಡೀರಿ, ತಡೀರಿ. ಮಧ್ಯಾಹ್ನದ ಹಿಮ ಹದಿನೈದಿಂಚು ಕರಗಿದ್ರೆ ಒಂದಿಂಚು ನೀರಾಗೋ ಹದದ್ದು ಅಂದಿದ್ರಿ. ಇದೂ ಅದೇ ಮೋಡದ್ದು. ಅಮುಕಿದ್ರೆ ಹಿಮ ತಗ್ಗಬಹುದು, ನೀರೆಲ್ಲಿಗೆ ಹೋಗುತ್ತೆ? ಅಂದ್ರೆ ಅಲ್ಲಿ ಹತ್ತಿಂಚು ಇತ್ತು. ಮೇಡಂ, ನಲವತ್ತಮೂರು!"

ಅಡುಗೆಮನೆಯಲ್ಲಿ ಯಾರೋ ಯಾರನ್ನೋ ತಬ್ಬಿಕೊಂಡರು. ನನ್ನನ್ನು ತಬ್ಬಿಕೊಂಡದ್ದು ವರ್ನರ್ ಹಿಡಿದಿದ್ದ ಮೂಸ್‌ನ ಕಾಲು.

"ಒಂದೇ ಒಂದು ಪ್ರಶ್ನೆ" ಎಂದಿತು ಫೋನು. "ಅಮುಕಿದ್ದು ಏನು? ಮೂಸ್ ಗೀಸ್ ಆಗಿದ್ರೆ ನಾನು ಮೇಲಿನವರನ್ನ ಒಪ್ಪಿಸ್ತೀನಿ. ಹೊರಗಿನ ನೀರು ಸೇರಿರಬಾರದು, ಅಷ್ಟೇ."

ಎಲ್ಲರ ತುಟಿಗಳೂ ಸದ್ದಿಲ್ಲದೆ ಒಂದೇ ಮಾತನ್ನು ಆಡುತ್ತಿದ್ದವು. ವರ್ನರ್ ಮೂಸ್‌ನ ಕಾಲನ್ನು ತಲೆಯ ಮೇಲೆತ್ತಿ ಅಲ್ಲಾಡಿಸುತ್ತಿದ್ದ. ಅದರ ದೀಪದ ಟೋಪಿ ಕಿವಿಯ ಮೇಲೆ ಜಾರಿತ್ತು. ಆರ್ವೊ ಮಾತ್ರ ನೆಲ ನೋಡುತ್ತಿದ್ದ. ಸೈಮಾ ಕೈಯಲ್ಲಿದ್ದ ಗಾಜನ್ನು ನೋಡಿದಳು. ಅದರಲ್ಲಿದ್ದದ್ದು ನಲವತ್ತಮೂರು ಇಂಚಿನ ಕಂಬ. ಕೊನೆಗೂ ಬಂದದ್ದು, ಕೈಯಲ್ಲೇ ಇದ್ದದ್ದು.

ಅವಳು ನಮಗೆ ಬೆನ್ನು ತಿರುಗಿಸಿ ಗೋಡೆಗೆ ಹೇಳಿದಳು:

"ಮೂಸ್ ಅಲ್ಲ. ನಾನು."

"ನೀವಾ? ಜಾರಿ ಬಿದ್ರಾ?"

"ಬೀಳಲಿಲ್ಲ. ಮಲಗಿದೆ."

"ಕೋಟು ಹಾಕ್ಕೊಂಡಿದ್ರಿ ತಾನೆ?"

"ಸೌನಾದಿಂದ ಬಂದೋರು ಕೋಟು ಹಾಕ್ಕೋತಾರಾ?"

"ಮೈ... ಒದ್ದೆ ಇತ್ತಾ?"

"ಬೆವರಿತ್ತು. ಅದರ ಮೇಲೆ ಒಂದು ಬಕೆಟ್ ನೀರು ಸುರ್ಕೊಂಡಿದ್ದೆ."

"ಮೇಡಂ, ಬೆವರೆಷ್ಟು, ಬಕೆಟ್ಟಿನದ್ದೆಷ್ಟು ಅಂತ ಒಂದು ಅಂದಾಜು ಕೊಟ್ರೆ ನಾನು ಕಳೆದು..."

"ಅಂದಾಜು ನಾನು ಹೇಳಲ್ಲ" ಎಂದು ಸೈಮಾ ಫೋನಿಟ್ಟಳು.

ವರ್ನರ್ ಕುರ್ಚಿಯ ಮೇಲೆ ಕುಸಿದ, ಕಾಲನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಅಲ್ಲಿಂದಲೇ ಕೇಳಿದ: "ಬಾವುಟ ಹಾಕಿದ್ದೂ ನೀವೇ. ಕಾಲು ಮುರೀತೀನಿ ಅಂದಿದ್ದೂ ನೀವೇ. ಯಾಕೆ ಸೈಮಕ್ಕ?"

"ಎಡಗಡೆ ಹೋದೆ. ಅಲ್ಲಿ ನೀವು ಏಳು ಜನ ಹೊರಳಿ, ಆಮೇಲೆ ಹೆಂಗಸರು ಹೊರಳಿ, ಹಿಮ ಅಂತ ಏನೂ ಉಳಿದಿರಲಿಲ್ಲ, ಬರೀ ರಾಡಿ. ಪ್ರತಿ ಶನಿವಾರ ನಮ್ಮ ಹೆಂಗಸರ ಪಾಲಿಗೆ ಅದೇ. ಇವತ್ತು ಅಷ್ಟೊಂದು ಬೀಳ್ತಾ ಇತ್ತು, ಒಂದು ಸಲ ಹೊಸದ್ರಲ್ಲಿ ಮಲಗೋಣ ಅನ್ನಿಸ್ತು. ಕನ್ನಡಕ ಸೌನಾದ ಮೊಳೇಲಿ ನೇತಾಡ್ತಿತ್ತು. ಹಿತ್ತಿಲಲ್ಲೆಲ್ಲ ಒಂದು ಕಡೆ ಮಾತ್ರ ಯಾರೂ ತುಳಿದಿರಲಿಲ್ಲ." ಬ್ರೆಡ್ಡಿನ ಚಾಕು ಹುಡುಕುತ್ತ ಹೇಳಿದಳು, "ಸೊಂಟಕ್ಕೆ ಹಲಗೆ ತಾಕಿದ ಮೇಲೆ ಗೊತ್ತಾಯ್ತು, ಅಲ್ಲಿ ಯಾಕೆ ತುಳಿದಿಲ್ಲ ಅಂತ."

"ಮತ್ತೆ ಆಗಲೇ ಹೇಳೋದು ತಾನೆ!" ಊನೊ ರೇಗಿದ. "ನಾವು ಆ ಚಳೀಲಿ ಟವೆಲ್ ಸುತ್ಕೊಂಡು..."

"ಹೇಳೋಕೆ ಬಾಯಿ ತೆಗೆದೆ. ನೀವೆಲ್ಲ ಸಾಲಾಗಿ ಮಲಗೋಕೆ ಶುರು ಮಾಡಿದ್ರಿ. ಮಧ್ಯ ಬಾಯಿ ಹಾಕೋದು ಸರಿ ಅನ್ನಿಸಲಿಲ್ಲ."

ಆಮೇಲೆ ಅವಳು ಬ್ರೆಡ್ಡು ಕೊಯ್ದು ಎಲ್ಲರ ಮುಂದಿಟ್ಟಳು. ತನ್ನ ತುಂಡನ್ನು ಮಾತ್ರ ತಿನ್ನಲಿಲ್ಲ. ಕಾಫಿಯ ಕೆಟಲ್ಲಿನ ಪಕ್ಕದಲ್ಲೇ ಆ ಗಾಜಿತ್ತು. ಎಲ್ಲರೂ ಹೋದ ಮೇಲೆ ಆರ್ವೊ ಅದನ್ನು ಎತ್ತಿ, ಏನು ಮಾಡುವುದೆಂದು ಅವಳ ಮುಖ ನೋಡಿದ.

"ಜೆರೇನಿಯಂ ಕುಂಡಕ್ಕೆ ಹಾಕು" ಎಂದಳು ಸೈಮಾ. "ನೀನು ಊದಿಕೊಂಡಿದ್ಯಂತೆ?"

"ಸ್ವಲ್ಪ" ಎಂದ ಆರ್ವೊ.

ಪೆನ್‌ಹಾಲೊದ ಕಂಬ ಹಾಗೆಯೇ ಇದೆ. ಸುದ್ದಿ ಅಲ್ಲಿಗೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಪ್ಯಾಸ್ಟಿ ಅಂಗಡಿಯಲ್ಲಿ ಈಗ ನಮ್ಮನ್ನು ಕಂಡರೆ ಕೂರಲು ಕುರ್ಚಿ ಬೇಕೇ, ಹಿಮ ಸಾಕೇ ಎಂದು ಕೇಳುತ್ತಾರೆ. ಪಂಚಾಯತಿ ಸಭೆಯಲ್ಲಿ ಮೂಸ್ ದೀಪವನ್ನು ಮರಳಿ ಬಾರಿನಲ್ಲಿಡಬೇಕೆಂಬ ನಿರ್ಣಯವಾಯಿತು. ಇನ್ನೊಂದು ನಿರ್ಣಯವನ್ನು ಹೆಂಗಸರು ತಂದರು. ವಿರೋಧಿಸಲು ಎದ್ದ ವರ್ನರ್‌ನನ್ನು, ಅವನ ಅಚ್ಚಿನ ಅಳತೆ ಹೇಳಿ ಕೂರಿಸಲಾಯಿತು.

ಮುಂದಿನ ಶನಿವಾರವೂ ಹಿಮ ಬಿತ್ತು. ಹೆಂಗಸರು ಮೊದಲು ಹೋದರು. ಕಿರುಚಾಟ, ನಗು ಮುಗಿಯುವಂತೆಯೇ ಕಾಣಲಿಲ್ಲ. ನಮ್ಮ ಸರದಿ ಬಂದಾಗ, ಶಾಖ ತಡೆಯದೆ ಹೊರಗೋಡಿದ ಆರ್ವೊ ಸೌನಾದ ಎಡಗಡೆ ನೋಡಿ ಆವಿಯಾಡುತ್ತ ನಿಂತುಬಿಟ್ಟ.

"ಇದ್ರಲ್ಲಿ ಹೊರಳೋದಾ?"

ಅವನ ಕಣ್ಣು ನಿಧಾನವಾಗಿ ಬಲಗಡೆಗೆ ತಿರುಗಿತು. ಅಲ್ಲಿ ಬಾವುಟದ ಆಚೆ, ಹಲಗೆಯ ಮೇಲೆ, ಯಾರೂ ಮುಟ್ಟದ ಹಿಮ ಹೊಸ ಹಾಸಿಗೆಯಂತೆ ಹರಡಿತ್ತು. ಅಡುಗೆಮನೆಯ ಕಿಟಕಿ ತೆರೆಯಿತು. ಸೈಮಾ ಕನ್ನಡಕ ಹಾಕಿಕೊಂಡೇ ಇದ್ದಳು, ಕೈಯಲ್ಲಿ ಅಳತೆಕೋಲು.

ಆರ್ವೊ ರಾಡಿಯಲ್ಲಿ ಮಲಗಿದ.