ಎಡಗಡೆಯ ಗಂಟೆ

ಗಂಟೆ ಎಡಕ್ಕೆ ಹೋಯಿತು, ಹೋದದ್ದು ಪರದೆಯ ಮೇಲಿನ ಅಂಕಿ ನೋಡಿ ಗೊತ್ತಾಯಿತು, ಬಲಗಿವಿಗೆ ಅದರ ಚೂರು ಮಾತ್ರ ಬಿತ್ತು — ಎಮ್ಮೆಯ ಕೊರಳಗಂಟೆ, ದೊಡ್ಡಗದ್ದವಳ್ಳಿಯಲ್ಲಿ ನಾನೇ ರೆಕಾರ್ಡ್ ಮಾಡಿ ತಂದದ್ದು, ಆಡುವವರ ಸುತ್ತ ಎಲ್ಲಿ ಬೇಕಾದರೂ ಇಡಬಹುದು, ಮುಂದೆ, ಹಿಂದೆ, ತಲೆಯ ಮೇಲೆ, ಮೂರು ಅಂಕಿ ಕೊಟ್ಟರೆ ಸಾಕು, ಫೋನಿಗೂ ಕಂಪ್ಯೂಟರಿಗೂ ಒಂದೇ ಕೋಡ್ ನಡೆಯಬೇಕು, ಐದು ವರ್ಷದಿಂದ ಹಾಸನದ ಈ ಮಹಡಿಯಲ್ಲಿ ಕೂತು ಬರೆಯುವುದು ಅದನ್ನೇ, ಕಣ್ಣಿಲ್ಲದವರು ಕಿವಿಯಿಂದಲೇ ಆಡುವ ಆಟ, ಮತ್ತು ನನ್ನ ಎಡಗಿವಿ ಹೋಗಿ ಇಪ್ಪತ್ತು ದಿನ, ಯಾರಿಗೂ ಹೇಳಿಲ್ಲ. ಅವತ್ತು ಬಸ್ಸು ಶಾಂತಿಗ್ರಾಮ ದಾಟುತ್ತಿತ್ತು, ಹೊಳೆನರಸೀಪುರದಿಂದ ಅಮ್ಮನ ಫೋನು, ಮಾತಿನ ನಡುವೆ ದನಿ ನಿಂತುಹೋಯಿತು, ನೆಟ್‌ವರ್ಕ್ ಹೋಯಿತು ಅಂದುಕೊಂಡು ಬಲಗಿವಿಗೆ ಹಿಡಿದರೆ ಅಮ್ಮ ಮಾತಾಡುತ್ತಲೇ ಇದ್ದಾಳೆ, ಹುಳಿಪುಡಿ ಮುಗೀತೇನೇ — ಇದೆಯಮ್ಮ ಅಂದೆ. ಆಟ ಮುಗಿಯಲಿ ಅಂತ ತಡೆದು ಒಂಬತ್ತನೇ ದಿನ ಆಸ್ಪತ್ರೆಗೆ ಹೋದೆ, ತಕ್ಷಣ ಬರಬಾರದಿತ್ತಾ, ಇನ್ನು ಕಷ್ಟ ಅಂದರು ಡಾಕ್ಟರು, ಅವರ ಮೇಜಿನ ಪೇಪರ್‌ವೇಟ್ ನೋಡುತ್ತ ಕೂತಿದ್ದೆ, ಅಳು ಬರಲಿಲ್ಲ, ಕೊಟ್ಟ ಮಾತ್ರೆ ಮುಗಿದವು, ಅಳು ಈಗಲೂ ಬರುತ್ತಿಲ್ಲ. ಬೆಳಿಗ್ಗೆ ಗೌರೀಶ, ಜೊತೆಗೆ ಕೆಲಸ ಮಾಡುವವನು, ನನ್ನನ್ನು ಕರೆದು, ಇಂಚರಾ, ಕಂಪ್ಯೂಟರಲ್ಲಿ ಗಂಟೆ ಮುಂದಿನಿಂದ ಬರುತ್ತೆ, ಫೋನಲ್ಲಿ ಹಿಂದಿನಿಂದ ಬಂದ ಹಾಗಿದೆ, ಒಂಚೂರು ಕೇಳಿ ನೋಡು ಅಂದ, ಕೇಳಿದೆ, ಎರಡೂ ಸರಿಯಿದೆ ಅಂದೆ. ಈಗ ಭೀಮಣ್ಣ ನನ್ನ ಎಡಗಡೆ ಕೂತು ಆಡುತ್ತಿದ್ದಾನೆ, ಹುಟ್ಟಿನಿಂದ ಕಣ್ಣಿಲ್ಲ, ಆಟ ಪರೀಕ್ಷೆ ಮಾಡಲು ಪ್ರತಿ ಗುರುವಾರ ಅರಕಲಗೂಡಿನಿಂದ ಬರುತ್ತಾನೆ, ಫೋನಿನಲ್ಲಿ ಗಂಟೆ ಹುಡುಕಿಕೊಂಡು ಹೋಗಿ ಮೂರು ಸಲ ಆಟದೊಳಗಿನ ಕೆರೆಗೆ ಬಿದ್ದ, ಹೆಡ್‌ಫೋನ್ ತೆಗೆದಿಟ್ಟ. ಗಂಟೆ ಹಿಂದೈತೆ ಅಂತ ಹೋದ್ರೆ ಕೆರೆ ಕಣಮ್ಮ, ನೀವು ಕೇಳ್ನಿಲ್ವಾ, ಇನ್ನೊಂದ್ ಮಾತು, ಎಲ್ಡು ವಾರದಿಂದ ನೋಡ್ತಾ ಇವ್ನಿ, ಈ ಕಡೆಯಿಂದ ಕರುದ್ರೆ ನೀವು ಮಾತೇ ಆಡಾಕಿಲ್ಲ, ಎಡಗಿವಿ ಕೇಳಾಕಿಲ್ವಾ — ಹೋಯ್ತು ಭೀಮಣ್ಣ, ಇನ್ನು ಬರಲ್ವಂತೆ, ಅಂದದ್ದು ನಾನೇ, ಯಾರೋ ಅಂದಂತಿತ್ತು, ಗೌರೀಶ ಕೀಬೋರ್ಡಿನಿಂದ ಕೈ ಎತ್ತಿದ, ಬೆಳಿಗ್ಗೆ ನಾನು ಸುಳ್ಳು ಹೇಳಿದೆ ಗೌರೀಶ, ಮುಂದೆ ಹಿಂದೆ ನನಗೆ ಗೊತ್ತಾಗಲ್ಲ. ಭೀಮಣ್ಣ ಎದ್ದ, ಮೇಜಿನ ಅಂಚು ಸವರಿಕೊಂಡು, ಕುರ್ಚಿ ಎಳೆಯುತ್ತ ನನ್ನ ಬೆನ್ನ ಹಿಂದಿನಿಂದ ಸುತ್ತಿ ಬಲಗಡೆ ಬಂದು ಕೂತ, ಮುಂದೆ ಯಾವ್ದು ಹಿಂದೆ ಯಾವ್ದು ನಾ ಹೇಳ್ತೀನಿ, ನೀವು ಬರೀರಿ — ಬರೆಯಬೇಕು, ಫೋನಿನ ಒಂದು ಅಂಕಿಯ ಪ್ಲಸ್-ಮೈನಸ್ ಗುರುತು ಬದಲಿಸಿದರೆ ಮುಗಿಯಿತು, ಕೈ ಏಳುತ್ತಿಲ್ಲ, ನೆಲದ ಧೂಳಿನಲ್ಲಿ ಕುರ್ಚಿಯ ಕಾಲು ಎಳೆದ ಎರಡು ಗೆರೆ, ಎಡದಿಂದ ಬಲಕ್ಕೆ, ನನ್ನ ಬೆನ್ನ ಹಿಂದೆ, ಎರಡು ಗೆರೆ.