ನೀಲಿಯ ಹರಿಗೋಲು

ಒಂದು ಪೇಟೆ. ಅಲ್ಲಿಯ ಜನ ಸಂಜೆ ಚಾವಡಿಯಲ್ಲಿ ಸೇರಿ ಇಲ್ಲದ ನಾಡೊಂದನ್ನು ಕಟ್ಟುತ್ತಿದ್ದರು. ಅದೇ ಅವರ ಆಟ. "ಇಲ್ಲೊಂದು ಉಪ್ಪಿನ ಬೆಟ್ಟ ಐತಿ" ಎಂದು ಒಬ್ಬರು ಹೇಳಿದರೆ ಬೆಟ್ಟ ಎದ್ದಿತು. ಆಮೇಲೆ ಯಾರೂ ಅದನ್ನು ಇಲ್ಲವೆನ್ನುವಂತಿಲ್ಲ. ಆಡುವವರಿಗೆಲ್ಲ ಆ ನಾಡಿನಲ್ಲಿ ಬೇರೆ ಹೆಸರು, ಬೇರೆ ಕಸುಬು, ಒಂದೊಂದು ಮರದ ಗೊಂಬೆ. ಕುಂಬಾರ ಅಲ್ಲಿ ಕಳ್ಳ. ಸೂಲಗಿತ್ತಿ ಅಲ್ಲಿ ದಂಡಿನ ನಾಯಕಿ. ಗಂಡಾಂತರ ಬಂದರೆ ದಾಳ ಎಸೆಯಬೇಕು. ಒಂಟಿ ಚುಕ್ಕೆ ಬಿದ್ದರೆ ಸಾವು. ಗೊಂಬೆಯನ್ನು ಮಲಗಿಸಿ, ಹೊಸ ಹೆಸರಿನಲ್ಲಿ ಮೊದಲಿನಿಂದ ಬರಬೇಕು. ಕತೆ ನಡೆಸುವಾಕೆ ಮುದುಕಿ ತಂಗೆವ್ವ. ಅವಳ ಮಾತೇ ಕೊನೆ.

ಹಗ್ಗ ಹೊಸೆಯುವ ಕೆಂಚಪ್ಪನ ಹೆಂಡತಿ ದ್ಯಾಮವ್ವ ಆ ನಾಡಿನಲ್ಲಿ ನೀಲಿ. ಕೆರೆಯಲ್ಲಿ ಹರಿಗೋಲು ಹಾಕುವಾಕೆ. ಯಾರು ಕರೆದರೂ ದಾಟಿಸುವಳು. ಕಳ್ಳನನ್ನೂ ಅವನ ಬೆನ್ನು ಹತ್ತಿದವರನ್ನೂ ಒಂದೇ ಹರಿಗೋಲಿನಲ್ಲಿ ಕೂರಿಸುವಳು. "ಇಳಿದ ಮ್ಯಾಲೆ ಬಡಿದಾಡ್ರಪ್ಪ, ನೀರಿನ ಮ್ಯಾಲೆ ಬ್ಯಾಡ" ಎನ್ನುವಳು. ಚಾವಡಿ ನಗುತ್ತಿತ್ತು.

ಒಂದು ಮಳೆಗಾಲ ದ್ಯಾಮವ್ವ ಜ್ವರದಲ್ಲಿ ತೀರಿಕೊಂಡಳು. ಚಾವಡಿಯಲ್ಲಲ್ಲ. ಮನೆಯಲ್ಲಿ, ನಿಜವಾಗಿ.

ಕೆಲವು ದಿನ ಕಳೆದು ಕೆಂಚಪ್ಪ ಆಟಕ್ಕೆ ಬಂದ. ತನ್ನ ಗೊಂಬೆ ಮುಟ್ಟಲಿಲ್ಲ, ಅವಳದನ್ನು ಎತ್ತಿಕೊಂಡ. ಅವಳದು ಅಂತ ಉಳಿದಿದ್ದರಲ್ಲಿ ಮಾತಾಡುವಂಥದ್ದು ಅದೊಂದೇ. ಆ ಸಂಜೆ ಬೆಂಕಿ ಉಗುಳುವ ಹಾವಿನ ಮುಂದೆ ಸೂಲಗಿತ್ತಿಗೆ ಒಂಟಿ ಚುಕ್ಕೆ ಬಿತ್ತು. ಎಲ್ಲರೂ ಕೆಂಚಪ್ಪನ ಮುಖ ನೋಡಿದರು. "ಸತ್ತಳು" ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕಾಳಿನ ವ್ಯಾಪಾರಿ ಮಹಾಂತಪ್ಪ ಆ ನಾಡಿನ ಅರಸ. ಅವನೇ ಹೇಳಿದ: "ಕೆಂಚಪ್ಪನ ಮುಂದ ಸಾವಿನ ಮಾತು ಬ್ಯಾಡ. ಇನ್ನ ಮ್ಯಾಲೆ ಒಂಟಿ ಚುಕ್ಕಿ ಬಿದ್ರ ಮತ್ತೊಮ್ಮೆ ಎಸೀರಿ." ಹೇಳುವಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಜನ ಒಪ್ಪಿದರು. ಅಂದಿನಿಂದ ನಾಡಿನಲ್ಲಿ ಸಾವಿಲ್ಲ. ದ್ಯಾಮವ್ವನ ಹೆಸರನ್ನೂ ಯಾರೂ ಎತ್ತಲಿಲ್ಲ. ಅದೂ ಕನಿಕರವೇ.

ದಿನ ಹೋದಂತೆ ಹಾವು ಬೆಂಕಿ ಉಗುಳಿದರೂ ಯಾರೂ ಓಡಲಿಲ್ಲ. ಯಾರೂ ಯಾರನ್ನೂ ಕಾಪಾಡಲಿಲ್ಲ. ಬೇಕಾಗಿರಲಿಲ್ಲ. ಆಮೇಲೆ ಅರಸ ಕೆರೆಗೆ ಅಡ್ಡ ಸರಪಳಿ ಹಾಕಿದ. "ನನ್ನ ಅಪ್ಪಣೆ ಇಲ್ದ ದಾಟಂಗಿಲ್ಲ" ಎಂದ. ಕಳ್ಳ ಚೂರಿ ಹಿಡಿದು ಅರಮನೆಗೆ ನುಗ್ಗಿದ. ಅರಸನಿಗೆ ಒಂಟಿ ಚುಕ್ಕೆ ಬಿತ್ತು. ನಕ್ಕು ಮತ್ತೆ ಎಸೆದ.

"ತಾಗಲಿಲ್ಲ ಬಿಡೋ. ಇನ್ನ ಸರಪಳಿ ಕಾಯಾಕ ಒಬ್ಬರು ಬೇಕು. ನೀಲಿ ಹೆಂಗೂ ಅಲ್ಲೇ ಇರ್ತಾಳ."

ಹೀಗೆ ನೀಲಿ ಕಾವಲಿನವಳಾದಳು. ಕುಂಬಾರ ದಾಟಿಸು ಎಂದಾಗ ಕೆಂಚಪ್ಪ ಅವಳ ಪರವಾಗಿ ಹೇಳಬೇಕು: "ಅಪ್ಪಣೆ ಇಲ್ಲ. ತಿರುಗಿ ಹೋಗ್ರಿ." ಹೇಳಿದ. ಮರುದಿನವೂ ಹೇಳಿದ. ಮೂರನೆಯ ಸಲ ಆ ಮಾತು ಅವನ ಕಿವಿಗೇ ಬಿತ್ತು. ದ್ಯಾಮವ್ವ ಬದುಕಿದ್ದಾಗ ಒಮ್ಮೆಯೂ ಆಡದ ಮಾತು.

"ಮತ್ತೊಮ್ಮೆ ಎಸಿಯೋ ಆ ನಿಯಮ ತೆಗೀರಿ" ಎಂದ.

ಮಹಾಂತಪ್ಪ ಬೆಚ್ಚಿದ. "ನಿನ್ನ ಸಲುವಾಗಿ ಮಾಡಿದ ನಿಯಮ ಕೆಂಚಪ್ಪ!"

"ಅದಕ್ಕs ಹೇಳಾಕತ್ತೀನಿ."

"ಹೆಂಡ್ತೀನ ಎರಡನೇ ಸಲ ಸಾಯಿಸ್ತೀಯೇನು? ಕಲ್ಲು ಕಲ್ಲು ನೀನು."

ಜನ ತಲೆ ತಗ್ಗಿಸಿದರು. ಕೆಂಚಪ್ಪ ತಂಗೆವ್ವನ ಕಡೆ ತಿರುಗಿದ.

"ಯಾರ ಹೆಸರಿನ್ಯಾಗ ಮಾಡಿದ್ದೋ ಅವನs ಬ್ಯಾಡಂದ್ರ ನಾ ಏನ್ ಹೇಳಲಿ?" ಎಂದಳು ಮುದುಕಿ. "ಆದ್ರ ತಮ್ಮಾ, ಸಾವು ಬಂದ್ರ ಎಲ್ಲಾರಿಗೂ ಬರತೈತಿ. ನೀಲಿಗೂ."

ಕೆಂಚಪ್ಪ ಕೈಯಲ್ಲಿದ್ದ ಗೊಂಬೆಯನ್ನು ನೋಡಿದ. ಇಟ್ಟುಕೊಂಡರೆ ಇರುತ್ತಾಳೆ, ಆದರೆ ಕಾವಲಿನವಳಾಗಿ.

"ನೀಲಿ ಹರಿಗೋಲು ತಳ್ಳಿದಳು. ಸರಪಳಿ ಕಡಿಯಾಕ" ಎಂದ.

ದಾಳ ಎಸೆದ. ಐದು ಬಿತ್ತು. ಅರಸನ ಬಾಣ ತಪ್ಪಿತು. ಹರಿಗೋಲು ಸರಪಳಿ ಮುಟ್ಟಿತು. ಮತ್ತೆ ಎಸೆದ. ಒಂಟಿ ಚುಕ್ಕೆ.

"ಮತ್ತೊಮ್ಮೆ ಎಸಿ, ಕೆಂಚಣ್ಣ!" ಚಾವಡಿಯೆಲ್ಲ ಕೂಗಿತು. ಅವನು ದಾಳದ ಮೇಲೆ ಅಂಗೈ ಮುಚ್ಚಿದ.

"ಬಿದ್ದದ್ದು ಬಿತ್ತು. ನೀಲಿ ಸತ್ತಳು." ಗೊಂಬೆಯನ್ನು ಮಲಗಿಸಿದ. "ದ್ಯಾಮಿನೂ ಸತ್ತಳು" ಎಂದ.

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಸೂಲಗಿತ್ತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅಕಿ ಹಾಡಾಕ ಕುಂತ್ರ ನಿಮ್ಮ ನಾಯಿ ಎದ್ದು ಹೋಗ್ತಿತ್ತು, ಹೌದಲ್ಲೋ?"

"ನಮ್ಮದೊಂದs ಅಲ್ಲವ್ವಾ," ಎಂದ ಕೆಂಚಪ್ಪ. "ಓಣ್ಯಾಗಿನವೆಲ್ಲ." ನಗಲು ಹೋದ. ಅಳು ಬಂತು. ಮಣ್ಣು ಕೊಟ್ಟು ಬಂದ ದಿನ ಬಾರದ ಅಳು. ಯಾರೂ ಸಮಾಧಾನ ಹೇಳಲಿಲ್ಲ, ಜೊತೆಗೆ ಅತ್ತರು.

ಆಮೇಲೆ ಕುಂಬಾರ ತನ್ನ ಗೊಂಬೆಯನ್ನು ಕೆರೆಗೆ ತಳ್ಳಿದ. "ನಾನೂ ಹೊಂಟೆ." ಸೂಲಗಿತ್ತಿಯೂ ತಳ್ಳಿದಳು.

ತಂಗೆವ್ವ ದಾಳವನ್ನು ಮಹಾಂತಪ್ಪನ ಮುಂದಿಟ್ಟಳು. "ಈಗ ಗಂಡಾಂತರ ಅರಸರಿಗೆ. ಅರಸರು ಎಸೀಬೇಕು."

ಅವನು ದಾಳ ಎತ್ತಿದ. ಮಲಗಿದ ಗೊಂಬೆಯನ್ನು ನೋಡಿದ. ದಾಳವನ್ನು ಮೆಲ್ಲಗೆ ಕೆಳಗಿಟ್ಟ.

"ಅಂಗಡಿ ಬಾಗಲಾ ತೆಗೆದs ಬಂದೀನಿ" ಎಂದು ಎದ್ದು ಹೋದ. ಮತ್ತೆ ಬರಲಿಲ್ಲ.

ಅವನ ಗೊಂಬೆಯನ್ನು ಯಾರೂ ಮಲಗಿಸಲಿಲ್ಲ. ದಾಳ ಎಸೆಯದವನು ಸಾಯುವಂತಿಲ್ಲವಲ್ಲ. ಸಿಂಹಾಸನದ ಮೇಲೆ ಅದು ಇವತ್ತಿಗೂ ನೆಟ್ಟಗೆ ನಿಂತಿದೆ. ಸುತ್ತ ಜನ ಹುಟ್ಟುತ್ತಾರೆ, ಸರಪಳಿ ಹೋದ ಕೆರೆ ದಾಟುತ್ತಾರೆ, ಸಾಯುತ್ತಾರೆ. ಆ ನಾಡಿನಲ್ಲಿ ಸಾವನ್ನು ಗೆದ್ದವನು ಅರಸನೊಬ್ಬನೇ ಎಂದು ಪೇಟೆಯವರು ಮರ್ಯಾದೆಯಿಂದಲೇ ಹೇಳುತ್ತಾರೆ.